ಸಾಲು ಬಿಟ್ಟು ಸಾಲು

೧೬ ಜೂನ್ ೧೯೭೬, ಬುಧವಾರ. ಗುಡಗೇರಿ.

ಟಿ.ವಿ. ರಿಪೇರಿ ಕೋರ್ಸಿನ ಉತ್ತರಪತ್ರಿಕೆ ಟಪಾಲಿನಲ್ಲಿ ವಾಪಸು ಬಂತು. ಮೂರನೇ ಸಲವೂ ನಪಾಸು. ಅದೇ ಪ್ರಶ್ನೆ: ಪರದೆಯ ೬೨೫ ಗೆರೆಗಳಲ್ಲಿ ಮೊದಲು ಬೆಸ, ಆಮೇಲೆ ಸಮ ಗೆರೆಗಳನ್ನು ಎಳೆಯುವುದೇಕೆ? ಟಿ.ವಿ.ಯನ್ನೇ ಕಾಣದವನು ಏನು ಬರೆಯಲಿ? ಮೇಲಿನಿಂದ ಸಾಲಾಗಿ ಎಳೆದರೆ ಯಾರಪ್ಪನ ಗಂಟು ಹೋಗುತ್ತದೆ?

ಅದೇ ಸಿಟ್ಟಿನಲ್ಲಿ ಹಿತ್ತಲಿಗೆ ಹೋದೆ. ಅವ್ವ ಮೆಣಸಿನ ಸಸಿಗೆ ಸಾಲು ಬಿಟ್ಟು ಸಾಲು ನೀರು ಹಾಕುತ್ತಿದ್ದಳು.

"ಒಂದ್ ಕಡಿಂದ ನೆಟ್ಟಗ ಹಾಕ ಬೇ" ಎಂದು ರೇಗಿದೆ.

"ಹಂಗ ಹಾಕಿದ್ರ ಈ ತುದಿ ಮುಟ್ಟೂದ್ರಾಗ ಆ ತುದಿ ಪೂರಾ ಬಾಡತೈತಿ. ಬಿಟ್ಟ್ ಬಿಟ್ಟ್ ಹಾಕಿದ್ರ ಎಲ್ಲಾ ಕಡಿ ಹಸಿ ಇರತೈತಿ" ಎಂದಳು.

ಕೊಡ ಕಸಿದುಕೊಂಡು ನಾನೇ ನೆಟ್ಟಗೆ ಹಾಕಿದೆ.

ಈಗ ಪುಸ್ತಕ ತೆಗೆದಾಗ ಹೊಳೆಯಿತು. ಸಾಲಾಗಿ ಎಳೆದರೆ ಕೆಳಗಿನ ಗೆರೆ ಮುಟ್ಟುವಷ್ಟರಲ್ಲಿ ಮೇಲಿನವು ಮಸುಕಾಗುತ್ತವೆ, ಚಿತ್ರ ಮಿಣುಕುತ್ತದೆ. ಅವ್ವ ಹೇಳಿದ್ದೇ ಉತ್ತರ. ಕೊಡ ಕಸಿದುಕೊಂಡ ಕೈಯಿಂದಲೇ ಅದನ್ನು ಬರೆಯಬೇಕು...