ನಿಂತು ಎಸೆಯುವವ, ಓಡಿ ಎಸೆಯುವವ

ಟ್ಯಾನರ್ಸ್ ಫೆರಿ, ಪೆನ್ಸಿಲ್ವೇನಿಯಾ
ಆಗಸ್ಟ್ 9, ಗುರುವಾರ

ಪ್ರೀತಿಯ ಡೆನೀಸ್,

ಸಮಸ್ತ ನಾಗರಿಕರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲು ಇಂದು ಬೆಳಿಗ್ಗೆ ಏಳು ಗಂಟೆಯಿಂದ ಮತ್ತೆ ಸೇವೆಗೆ ಹಾಜರಾಗಿದೆ. ಹತ್ತು ತಿಂಗಳು ಅದು ಬರೀ ಫ್ರಿಜ್ಜಾಗಿ ಬದುಕಿತ್ತು. ಹಾಲು, ಮೊಟ್ಟೆ, ದಿನಾಂಕ ಮೀರಿದ ಸಾಸಿವೆ ಬಾಟಲಿ, ಇಷ್ಟನ್ನು ಕಾಯುವುದೇ ಅದರ ಬದುಕಾಗಿತ್ತು. ಇಂದಿನಿಂದ ಪುನಃ ಶಾಲೆಯ ಫುಟ್‌ಬಾಲ್ ತಂಡ ಅದರ ಮೇಲೆ ಬಂದು ಕುಳಿತಿದೆ. ಹುಡುಗರ ಕಾಲಿಗೆ ಸುತ್ತುವ ಬಿಳಿ ಅಂಟುಪಟ್ಟಿಯನ್ನು ಬೆರಳುದ್ದ ಹರಿದು, ಒಂದೊಂದರ ಮೇಲೆ ಒಬ್ಬೊಬ್ಬನ ಹೆಸರು ಬರೆದು, ಮೂರು ಸಾಲಾಗಿ ಅಂಟಿಸಿದ್ದೇನೆ. ಇಪ್ಪತ್ತೊಂದು ವರ್ಷ ಈ ಹೆಸರುಗಳನ್ನು ಬರೆದವಳು ನೀನು. ಈ ಸಲ ನಾನೇ ಬರೆದೆ. ಪವ್ಲಿಕ್ ಬಂದು ನೋಡಿ, ಇದು ತಂಡವೋ ಔಷಧಿ ಚೀಟಿಯೋ ಎಂದು ಕೇಳಿದರು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ತಮಾಷೆ ಮಾಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಜನವರಿಯಲ್ಲಿ ನೀನು ನಮ್ಮ ಮಗ ವೆಸ್‌ನನ್ನು ಕರೆದುಕೊಂಡು ಈರಿಯ ನಿನ್ನ ಅಕ್ಕನ ಮನೆಗೆ ಹೋದಾಗಿನಿಂದ ನಮ್ಮಿಬ್ಬರ ಮಾತುಕತೆಯ ಪದ್ಧತಿ ಅದೇ. ಕಾಗದವಾದರೆ ನೀನು ಸಿಟ್ಟಿನಿಂದ ಕೆಳಗಿಡುವಷ್ಟರಲ್ಲಿ ಮುಂದಿನ ಸಾಲು ಕಣ್ಣಿಗೆ ಬಿದ್ದಿರುತ್ತದೆ. ನಾನು ನಂಬಿಕೊಂಡಿರುವುದು ಆ ಮುಂದಿನ ಸಾಲನ್ನೇ.

ಮೊದಲು ರಾಜ್ಯದ ಸ್ಥಿತಿಗತಿ. ಹುಡುಗರು ಒಟ್ಟು ಮೂವತ್ತೊಂದು. ನಾನು ಆಡುತ್ತಿದ್ದ ಕಾಲಕ್ಕೆ ಎಪ್ಪತ್ತು ಜನರಿದ್ದೆವು. ಆಮೇಲೆ ಉಕ್ಕಿನ ಕಾರ್ಖಾನೆ ಮುಚ್ಚಿತು, ಊರು ತೊಳೆದ ಸ್ವೆಟರಿನ ಹಾಗೆ ಕುಗ್ಗಿತು. ಎದುರಾಳಿಗಳನ್ನು ತಡೆಯುವ ಮುಂದಿನ ಗೋಡೆಗೆ ಐದು ದಡಿಯರು ಬೇಕು. ನನ್ನ ಹತ್ತಿರ ಇರುವವರು ಮೂವರು. ನಾಲ್ಕನೆಯವನನ್ನು ಬ್ಯಾಂಡಿನಿಂದ ಕದ್ದಿದ್ದೇನೆ, ಟೂಬಾ ಊದುವ ಹುಡುಗ. ಅವನು ಬಾಗಿಲಲ್ಲಿ ನಿಂತರೆ ಕೋಣೆಗೆ ಕತ್ತಲಾಗುತ್ತದೆ. ಬ್ಯಾಂಡಿನ ಮೇಡಂ ಒಂದು ಷರತ್ತು ಹಾಕಿದ್ದಾರೆ: ಮಧ್ಯಂತರದಲ್ಲಿ ಅವನು ವಿಶ್ರಾಂತಿ ಪಡೆಯುವಂತಿಲ್ಲ, ಹೆಲ್ಮೆಟ್ ಕಳಚಿ ಅದೇ ಕೆಸರು ಬಟ್ಟೆಯಲ್ಲಿ ಮೈದಾನದ ನಡುವೆ ನಿಂತು ಟೂಬಾ ಊದಬೇಕು. ಐದನೆಯ ಜಾಗದಲ್ಲಿ ಸದ್ಯಕ್ಕೆ ನಮ್ಮ ಪ್ರಾರ್ಥನೆ ನಿಂತಿದೆ.

ಇನ್ನು ಉಳಿದದ್ದು ಮಹಾಪ್ರಶ್ನೆ. ಕ್ವಾರ್ಟರ್‌ಬ್ಯಾಕ್ ಯಾರು? ಚೆಂಡು ಎಸೆಯುವ ಆ ಒಬ್ಬನನ್ನು ಆರಿಸಿಬಿಟ್ಟರೆ ಉಳಿದ ತಂಡವನ್ನೆಲ್ಲ ಅವನ ಅಳತೆಗೆ ಹೊಲಿಯಬೇಕು, ನಿನಗೆ ಗೊತ್ತು. ಉಮೇದುವಾರರು ಇಬ್ಬರು. ಜೆರೋಮ್ ಟಿಬ್ಸ್ ಪಾಕೆಟ್ಟಿನ ಹುಡುಗ. ಗೋಡೆಯ ಹಿಂದೆ ಸ್ನಾನದ ಮನೆಯಷ್ಟು ಜಾಗ ಇರುತ್ತದಲ್ಲ, ಆ ಪಾಕೆಟ್ಟಿನಲ್ಲಿ ಬೇರುಬಿಟ್ಟು ನಿಂತು, ನಲವತ್ತು ಗಜ ದೂರದವನ ಕೈಗೆ ಚೆಂಡನ್ನು ಅಂಚೆಯವನ ಹಾಗೆ ತಲುಪಿಸುತ್ತಾನೆ. ಓಡು ಅಂದರೆ ಮಾತ್ರ ಎಲ್ಲಿಗೆ ಎಂದು ಕೇಳುತ್ತಾನೆ. ಕೋಲ್ಬಿ ರೀಡರ್ ಡೇರಿಯವರ ಮಗ. ಗೋಡೆ ಬಿರಿಯುವ ಮೊದಲೇ ಮಾಯವಾಗಿ, ಮೂವರ ಕೈತಪ್ಪಿಸಿ, ಆ ಕಡೆ ಗೆರೆಯ ಹತ್ತಿರ ಪ್ರತ್ಯಕ್ಷನಾಗುತ್ತಾನೆ. ಅವನು ಎಸೆದ ಚೆಂಡು ಎಲ್ಲಿ ಬೀಳುತ್ತದೆ ಎಂಬುದರ ಬಗ್ಗೆ ನಮ್ಮಷ್ಟೇ ಕುತೂಹಲ ಅವನಿಗೂ ಇದೆ.

ನನ್ನ ಮತ ಯಾವುದೆಂದು ಈ ಕಣಿವೆಯ ದನಕರುಗಳಿಗೂ ಗೊತ್ತು. ಮದುವೆಗೆ ಮೊದಲು ನೀನು ಮೊದಲ ಸಲ ಆಟ ನೋಡಲು ಬಂದಾಗ, ಅಷ್ಟು ಜನ ಕೊಲ್ಲಲು ಬರುತ್ತಿರುವಾಗ ಆ ಹುಡುಗ ಯಾಕೆ ಕಾಫಿಗೆ ಕಾಯುವ ನೆಂಟನ ಹಾಗೆ ನಿಂತಿದ್ದಾನೆ ಎಂದು ಕೇಳಿದ್ದೆ. ನಾನು ಬಹಳ ಗಂಭೀರವಾಗಿ, ಅದಕ್ಕೇ ಧೈರ್ಯ ಅನ್ನುವುದು ಎಂದಿದ್ದೆ. ಅಂದಿನಿಂದ ಅದನ್ನೇ ಕಲಿಸಿದೆ. ನಿಲ್ಲು. ನೋಡು. ಎಸೆ. ಓಡುವವನು ಹೆದರಿದವನು. ವೆಸ್ ಹುಟ್ಟಿ ಆರು ವರ್ಷಕ್ಕೆ ಹಿತ್ತಲಲ್ಲಿ ನಾಲ್ಕು ಕುರ್ಚಿ ಇಟ್ಟು, ಅವುಗಳ ನಡುವೆ ಅವನನ್ನು ನಿಲ್ಲಿಸಿ, ಕುರ್ಚಿ ದಾಟಿದರೆ ಐಸ್‌ಕ್ರೀಮ್ ಇಲ್ಲ ಎಂದಿದ್ದೆ. ಅವನು ಯಾವತ್ತೂ ದಾಟಲಿಲ್ಲ. ನೀನು ಅಡುಗೆಮನೆ ಕಿಟಕಿಯಿಂದ ನೋಡಿ ನಗುತ್ತಿದ್ದೆ.

ಪವ್ಲಿಕ್‌ರದು ಎದುರು ಪಕ್ಷ. ಇಪ್ಪತ್ತೆರಡು ವರ್ಷದಿಂದ ನನಗೆ ಸಹಾಯಕರಾಗಿದ್ದು ನನ್ನ ಒಂದು ಮಾತನ್ನೂ ಒಪ್ಪದ ದಾಖಲೆ ಅವರದು. ಈ ಬೆಳಿಗ್ಗೆ ಫ್ರಿಜ್ಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಡೋನಟ್ಟನ್ನು ಕಾಫಿಯಲ್ಲಿ ಅದ್ದುತ್ತಾ ವಾದಕ್ಕಿಳಿದರು.

"ಗೋಡೆನೇ ಇಲ್ಲ ನಿನ್ಹತ್ರ. ಇಲ್ಲದಿರೋ ಗೋಡೆ ಹಿಂದೆ ಜೆರೋಮ್‌ನ ನಿಲ್ಸಿ ಏನು ಪ್ರತಿಮೆ ಮಾಡ್ತೀಯಾ? ಕಾಲಿರೋನು ಓಡ್ಲಿ ಬಿಡಯ್ಯ."

ನಾನು ನನ್ನ ಹಳೆಯ ಉಪದೇಶ ತೆಗೆದೆ. "ಓಡೋರು ಬೇಗ ಮುರೀತಾರೆ, ಪವ್ಲಿಕ್."

ಅವರು ನನ್ನ ಮುಖ ನೋಡಲಿಲ್ಲ. ಕಾಫಿಯಲ್ಲಿ ಕರಗಿ ಬಿದ್ದ ಡೋನಟ್ಟಿನ ತುಂಡನ್ನು ಚಮಚದಿಂದ ಹುಡುಕುತ್ತಾ ಅಂದರು: "ನಿಂತೋನು ಮುರೀಲಿಲ್ವಾ?"

ಅಷ್ಟಕ್ಕೆ ಚರ್ಚೆ ಮುಗಿಯಿತು.

ಡೆನೀಸ್, ಅಕ್ಟೋಬರಿನ ವಿಷಯ ಬರೆಯಬೇಕು. ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಅದು ಸುಲಭ. ಮೊದಲನೇ ಶುಕ್ರವಾರ ವೆಸ್‌ಗೆ ತಲೆಗೆ ಪೆಟ್ಟಾಯಿತು. ಮುಂದಿನ ಗುರುವಾರ, ತಂಡದ ಹುಡುಗರ ಗಾಯ ನೋಡಿಕೊಳ್ಳುವ ಕೆರಿ ಟಾಫ್ ಅವನನ್ನು ಕಂಪ್ಯೂಟರ್ ಮುಂದೆ ಕೂರಿಸಿ ಆ ಪರೀಕ್ಷೆ ಮಾಡಿದಳು. ಆಗಸ್ಟಿನಲ್ಲಿ ಎಲ್ಲ ಹುಡುಗರೂ ಕೊಡುತ್ತಾರಲ್ಲ, ಹನ್ನೆರಡು ಪದ ನೆನಪಿಟ್ಟುಕೊಳ್ಳುವುದು, ಆಕಾರಗಳನ್ನು ಗುರುತಿಸುವುದು, ಅದೇ. ಪೆಟ್ಟಿನ ನಂತರದ ಅಂಕ ಆಗಸ್ಟಿನ ಅಂಕಕ್ಕಿಂತ ಕೆಳಗಿಳಿದರೆ ಆಡುವಂತಿಲ್ಲ. ಇಳಿದಿರಲಿಲ್ಲ. ಡಾಕ್ಟರು ಸಹಿ ಹಾಕಿದರು, ವೆಸ್ ಶುಕ್ರವಾರ ಆಡಿದ, ಮೂರನೇ ಭಾಗದಲ್ಲಿ ಎರಡನೇ ಪೆಟ್ಟು ಬಿತ್ತು. ಈಗ ಅವನು ಪರದೆ ಎಳೆದ ಕೋಣೆಯಲ್ಲಿ ಕೂತು, ಫೋರ್ಕ್ ಎಂಬ ಪದಕ್ಕಾಗಿ ನಿನ್ನ ಮುಖ ನೋಡುತ್ತಾನೆ.

ಗೊತ್ತಿಲ್ಲದ್ದು ಇನ್ನು ಮುಂದೆ. ಆ ಎರಡನೇ ಪೆಟ್ಟಿಗೆ ಮುಂಚೆ ಅವನ ಎಡಗಡೆ ಹನ್ನೆರಡು ಗಜ ಖಾಲಿ ಹುಲ್ಲಿತ್ತು. ನಮ್ಮ ಚರ್ಚಿನ ಮುದಿ ಪಾದ್ರಿಗಳೂ ಊರುಗೋಲು ಹಿಡಿದು ಓಡಿ ದಾಟಬಹುದಾದಷ್ಟು. ವೆಸ್ ಅದನ್ನು ನೋಡಿದ. ನೋಡಿದ್ದನ್ನು ನಾನು ಬದಿಯಲ್ಲಿ ನಿಂತು ನೋಡಿದೆ. ಆಮೇಲೆ ಅವನು ಮುಖ ತಿರುಗಿಸಿ, ನಾಲ್ಕು ಕುರ್ಚಿಗಳ ನಡುವೆ ಇದ್ದವನ ಹಾಗೆ ನಿಂತ.

ಇಷ್ಟನ್ನು ಬೇರೆ ಯಾರಿಗಾದರೂ ಹೇಳಿಕೊಂಡು ಅಳಬಹುದು, ಎದುರಿಗಿದ್ದವರು ಬೆನ್ನು ತಟ್ಟುತ್ತಾರೆ. ಮುಂದಿನದಕ್ಕೆ ಯಾರೂ ತಟ್ಟುವುದಿಲ್ಲ.

ಮೊನ್ನೆ ಮಂಗಳವಾರ ಲೈಬ್ರರಿಯಲ್ಲಿ ಈ ವರ್ಷದ ಪರೀಕ್ಷೆ ಇತ್ತು. ಕೆರಿಯನ್ನು ಅಮಾನತಿನಲ್ಲಿ ಇಟ್ಟಿರುವುದರಿಂದ ಪಕ್ಕದ ಊರಿನಿಂದ ಯಾರೋ ಬಂದು ನಡೆಸಿದರು. ಕೋಲ್ಬಿ ಹೊರಗೆ ಬಂದವನು ನೇರ ನನ್ನ ಹತ್ತಿರ ಬಂದ, ಬಹುಮಾನ ತಂದವನ ಮುಖ ಹೊತ್ತು.

"ಕೋಚ್, ಚೆನ್ನಾಗಿ ಕೆಡಿಸಿದೀನಿ. ಆರು ಪದ ಬೇಕಂತ್ಲೇ ಬಿಟ್ಟೆ. ಹೋದ್ವರ್ಷ ನೀವು ಹೇಳ್ಕೊಟ್ಟಿದ್ರಲ್ಲ."

ಹೌದು, ಹೇಳಿಕೊಟ್ಟಿದ್ದೆ. ಹೋದ ಆಗಸ್ಟಿನಲ್ಲಿ ಅದೇ ಲೈಬ್ರರಿಯ ಬಾಗಿಲಿಗೆ ಒರಗಿ ನಿಂತು, ನನ್ನ ಮಾಮೂಲು ಹಾಸ್ಯದ ದನಿಯಲ್ಲಿ: "ಜಾಸ್ತಿ ಬುದ್ಧಿವಂತಿಕೆ ತೋರಿಸ್ಬೇಡ್ರೋ. ಇವತ್ತು ಹನ್ನೆರಡಕ್ಕೆ ಹನ್ನೊಂದು ತಗೊಂಡ್ರೆ, ತಲೆಗೆ ಪೆಟ್ಟು ಬಿದ್ಮೇಲೂ ಹನ್ನೊಂದು ತಗೋಬೇಕಾಗತ್ತೆ." ಹುಡುಗರು ನಕ್ಕರು. ನಾವು ಆಡುವಾಗ ಇಂಥ ಪರೀಕ್ಷೆ ಇರಲಿಲ್ಲ. ಪರೀಕ್ಷೆ ಬಂದಾಗ ಅದನ್ನು ದಾಟುವ ಉಪಾಯ ಕಂಡುಹಿಡಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ವೆಸ್ ನಗಲಿಲ್ಲ. ಅಪ್ಪ ಹೇಳಿದ್ದನ್ನು ಮಾಡಿದ, ಅಷ್ಟೇ. ಇಡೀ ಜಿಲ್ಲೆಯ ಕಾಗುಣಿತ ಸ್ಪರ್ಧೆ ಗೆದ್ದ ಹುಡುಗ, ಹನ್ನೆರಡು ಪದಗಳಲ್ಲಿ ಐದನ್ನು ಮರೆತಂತೆ ನಟಿಸಿದ.

ಅಕ್ಟೋಬರಿನಲ್ಲಿ ಅವನು ಐದು ಪದಗಳನ್ನು ನಿಜವಾಗಿಯೂ ಮರೆತಿದ್ದ. ಅಂಕ ತಾಳೆಯಾಯಿತು.

ಆ ಗುರುವಾರ ಕೆರಿ ಕಾಗದ ಹಿಡಿದುಕೊಂಡು ನನ್ನ ಕೋಣೆಗೆ ಬಂದಿದ್ದಳು. ಬಾಗಿಲು ಹಾಕಿ ಹೇಳಿದಳು: "ನಂಬರ್ ಸರಿಯಿದೆ ಕೋಚ್, ಹುಡುಗ ಸರಿಯಿಲ್ಲ. ಇನ್ನೊಂದು ವಾರ ಕೂರ್ಸೋಣ." ಅವಳು ನೋಡಿದ್ದು ಕಾಗದವನ್ನಲ್ಲ, ಅವನ ಕಣ್ಣುಗಳನ್ನು. ಆ ಅಂಕ ಏಕೆ ತಾಳೆಯಾಯಿತೆಂದು ಗೊತ್ತಿದ್ದ ದೊಡ್ಡವನು ಇಡೀ ಪಟ್ಟಣದಲ್ಲಿ ಒಬ್ಬನೇ ಇದ್ದ, ಅವನು ಅವಳ ಎದುರಿಗೇ ಕೂತಿದ್ದ. ಅವನು, ನಂಬರ್ ಅಂದರೆ ನಂಬರ್ ಎಂದ. ಮುಂದಿನ ಆಟ ಗೆದ್ದರೆ ನಾವು ಪ್ಲೇಆಫ್‌ಗೆ ಹೋಗುತ್ತಿದ್ದೆವು. ಅವಳು ಇಪ್ಪತ್ತಾರರ ಹುಡುಗಿ, ಮೊದಲ ಕೆಲಸ, ಎದುರಿಗಿರುವವನು ಕೋಚ್ ಮಾತ್ರವಲ್ಲ, ಹುಡುಗನ ಅಪ್ಪ. ಅಪ್ಪನೇ ಹೇಳಿದ ಮೇಲೆ ಅವಳು ಇನ್ನೇನು ಮಾಡಿಯಾಳು?

ನೀನು ಬರೆದ ದೂರಿನಲ್ಲಿ, ಹುಡುಗನ ಕಣ್ಣು ನೋಡಿದ್ದರೆ ಸಾಕಿತ್ತು, ಅವಳು ಅಷ್ಟೂ ಮಾಡಲಿಲ್ಲ ಎಂದಿದೆ. ಅದನ್ನು ನೀನು ಅಳುತ್ತಾ ಬರೆದೆ. ಅದರ ಕೆಳಗೆ ನಿನ್ನ ಸಹಿಯ ಪಕ್ಕ ನನ್ನ ಸಹಿ ಇದೆ. ಪೆನ್ನು ಚೆನ್ನಾಗಿ ಬರೆಯುತ್ತಿಲ್ಲವೆಂದು ಬೇರೆ ಪೆನ್ನು ತಂದು ಹಾಕಿದೆ, ಅದೂ ನೆನಪಿದೆ. ಮುಂದಿನ ಮಂಗಳವಾರ ಸಂಜೆ ಏಳಕ್ಕೆ ಶಾಲಾ ಮಂಡಳಿಯ ವಿಚಾರಣೆ. ಅವಳ ಕೆಲಸ ಹೋಗುತ್ತದೆ, ಲೈಸೆನ್ಸೂ ಹೋಗಬಹುದು ಎನ್ನುತ್ತಾರೆ. ನಾನು ಹೋಗಿ ಎದ್ದು ನಿಂತು ಇದಿಷ್ಟನ್ನೂ ಹೇಳುತ್ತೇನೆ. ಮಂಡಳಿಯವರ ಬಾಯಿಂದ ನಿನಗೆ ತಿಳಿಯಬಾರದು ಎಂಬುದಕ್ಕೇ ಈ ಕಾಗದ.

ಕೋಲ್ಬಿಯನ್ನೂ ಉಳಿದ ಮೂವತ್ತು ಜನರನ್ನೂ ನಿನ್ನೆ ಮತ್ತೆ ಕೂರಿಸಿ ಪರೀಕ್ಷೆ ಮಾಡಿಸಿದೆ. ಮೊದಲು ಎದುರು ನಿಂತು, ಹೋದ ವರ್ಷ ನಾನು ಹೇಳಿದ್ದು ತಪ್ಪು, ಅದರಿಂದ ಏನಾಯಿತು ಎಂಬುದನ್ನು ನೀವೆಲ್ಲ ನೋಡಿದ್ದೀರಿ ಎಂದೆ. ಯಾರೂ ನಗಲಿಲ್ಲ. ಟೂಬಾ ಹುಡುಗ ಅತ್ತ. ಕೋಲ್ಬಿಗೆ ಈ ಸಲ ಹನ್ನೆರಡಕ್ಕೆ ಹನ್ನೆರಡು ಬಂತು, ಅವನ ಅಮ್ಮನೂ ನಂಬುವುದಿಲ್ಲ.

ಆದ್ದರಿಂದ ಮಹಾಪ್ರಶ್ನೆಗೆ ಉತ್ತರ ಕೊಡುವವನು ನಾನಲ್ಲ. ಮಂಗಳವಾರದ ನಂತರ ಈ ತಂಡ ಯಾರ ಕೈಗೆ ಹೋಗುತ್ತದೋ ಅವರು ಆರಿಸಲಿ. ಪವ್ಲಿಕ್ ಆದರೆ ಕೋಲ್ಬಿ ಓಡುತ್ತಾನೆ. ಓಡಲಿ. ಫ್ರಿಜ್ಜಿನ ಮೇಲೆ ಜೆರೋಮ್‌ನನ್ನೂ ಕೋಲ್ಬಿಯನ್ನೂ ಎರಡನೇ ಸಾಲಿನಲ್ಲಿ ಪಕ್ಕಪಕ್ಕ ಅಂಟಿಸಿ ಬಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ನೀನು ಹೋದ ವರ್ಷ ಬರೆದ ವೆಸ್‌ನ ಹೆಸರು ಇನ್ನೂ ಇದೆ. ಇವತ್ತು ತೆಗೆಯಲು ಹೋದೆ. ಅಂಟು ಗಟ್ಟಿಯಾಗಿತ್ತು, ಒಂದು ತುದಿ ಎತ್ತಿದರೆ ಜೊತೆಗೆ ಬಾಗಿಲಿನ ಬಣ್ಣವೂ ಕಿತ್ತು ಬಂತು. ಒತ್ತಿ ಮತ್ತೆ ಅಂಟಿಸಿದೆ.

ಇದನ್ನು ಓದಿದ ಮೇಲೆ ನೀನು ಈ ಮನೆಗೆ ಬರುತ್ತೀಯ ಎಂದು ನಾನು ಎಣಿಸಿಲ್ಲ. ಬರಬೇಡ ಎಂದೂ ಬರೆಯಲಾರೆ.

ಇನ್ನೂ ಈ ಮನೆಯಲ್ಲೇ ಇರುವ,
ಎಮಿಲ್

ಮರೆತ ಮಾತು: ಇದು ವೆಸ್‌ಗೆ ಮೊದಲಿನಿಂದ ಗೊತ್ತು. ನಿನಗೆ ಹೇಳಲಿಲ್ಲವೆಂದು ಅವನ ಮೇಲೆ ಸಿಟ್ಟಾಗಬೇಡ. ಆಸ್ಪತ್ರೆಯಲ್ಲಿ ಮೂರನೇ ದಿನ ನೀನು ಕಾಫಿ ತರಲು ಕೆಳಗೆ ಹೋಗಿದ್ದೆ. ಅವನು ಕಣ್ಣು ತೆರೆದ. ನನ್ನ ಹೆಸರು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೇಳಿದ: "ಅಪ್ಪ, ಟೆಸ್ಟ್ ವಿಷ್ಯ ನಾನು ಯಾರ್ಗೂ ಹೇಳಿಲ್ಲ." ನಾನು, ಒಳ್ಳೆ ಹುಡುಗ ಎಂದೆ. ಇನ್ನು ಹೇಳಬಹುದು ಎಂದು ಅವನಿಗೆ ತಿಳಿಸು. ಪದಗಳು ಸಿಗುವ ದಿನ ನೋಡಿ ತಿಳಿಸು.

ಇನ್ನೊಂದು. ನನ್ನ ಬೂದು ಕೋಟು ವೆಸ್‌ನ ಚೀಲದಲ್ಲಿದೆ, ಸೆಪ್ಟೆಂಬರಿನ ಶಾಲೆಯ ನೃತ್ಯಕ್ಕೆ ಹಾಕಿಕೊಂಡು ಹೋಗಿದ್ದ. ಪವ್ಲಿಕ್ ಭಾನುವಾರ ಮಗಳನ್ನು ನೋಡಲು ಈರಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸಿಕೊಡು. ಇಸ್ತ್ರಿ ಬೇಡ. ಎಡತೋಳಿನ ಗುಂಡಿ ಜೋತಾಡುತ್ತಿತ್ತು, ಬಿದ್ದುಹೋಗಿದ್ದರೂ ಪರವಾಗಿಲ್ಲ. ಮಂಗಳವಾರಕ್ಕೆ ನನ್ನ ಹತ್ತಿರ ಬೇರೆ ಯಾವುದೂ ಇಲ್ಲ. ಉಳಿದ ಎಲ್ಲ ಬಟ್ಟೆಗಳ ಎದೆಯ ಮೇಲೂ ಕೋಚ್ ಎಂದು ಹೊಲಿದಿದೆ.