ಇಮಾ ಕಳಿಸಿದ ಮೀನು

ಹುಮಾಯೂನ್‌ಪುರ, ದೆಹಲಿ
ನವೆಂಬರ್ 12

ನನ್ನ ಮುದ್ದು ಇಮಾ,

ನಿನ್ನ ಮಂಡಿನೋವು ಹೇಗಿದೆ? ಸಂತೆಕಟ್ಟೆಯ ತಣ್ಣನೆ ಕಲ್ಲಿನ ಮೇಲೆ ದಿನವಿಡೀ ಕೂರಬೇಡ, ಮಣೆ ಹಾಕಿಕೋ ಎಂದರೆ ಮಗಳ ಮಾತು ಕೇಳುವವಳೇ ನೀನು? ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಬಾಯಿಗೆ ರುಚಿಯಿಲ್ಲ ಅಷ್ಟೆ.

ಪಕ್ಕದ ಮನೆ ಇಬೊಹಾಲ್ ಕೈಲಿ ನೀನು ಕಳಿಸಿದ ಙಾರಿ ಸಿಕ್ಕಿತು. ನಿನ್ನ ಅಂಗಡಿಯ ಹುಳಿಸಿದ ಮೀನಿಗೆ ಇಂಫಾಲದಲ್ಲೇ ಸಾಟಿಯಿಲ್ಲ ಎಂದು ಇಲ್ಲಿ ಎಲ್ಲರೆದುರು ಜಂಬ ಕೊಚ್ಚಿದವಳು ನಾನು. ಭಾನುವಾರ ಎರೊಂಬಾ ಚಟ್ನಿ ಅರೆಯೋಣವೆಂದು ಮೀನು ಸುಟ್ಟರೆ ಘಮವೇ ಇಲ್ಲ. ಮುದುಕಿ ಗಡಿಗೆಯ ಬಾಯಿ ಸರಿಯಾಗಿ ಕಟ್ಟಿಲ್ಲ ಎಂದು ನಿನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಮನೆ ಓನರಮ್ಮ ಮೂಗಿಗೆ ದುಪಟ್ಟಾ ಒತ್ತಿಕೊಂಡು ದಡದಡ ಮೆಟ್ಟಿಲು ಹತ್ತಿ ಬಂದಳು. “ಏ ಹುಡುಗಿ, ಮತ್ತೆ ಆ ಕೊಳೆತ ಮೀನು ಸುಡ್ತಿದೀಯಲ್ಲ, ಗಲ್ಲಿ ಪೂರ್ತಿ ನಾರ್ತಿದೆ” ಎಂದಳು. “ನಿಜವಾಗ್ಲೂ ನಾರ್ತಿದೆಯಾ ಆಂಟಿ?” ಎಂದೆ. ತಮಾಷೆ ಮಾಡುತ್ತಿದ್ದೇನೆಂದು ಅವಳಿಗೆ ಇನ್ನಷ್ಟು ರೇಗಿತು. ನಾನು ಒಲೆಯ ಮೇಲೆ ಬಗ್ಗಿ ಜೋರಾಗಿ ಉಸಿರೆಳೆದೆ. ಏನೂ ಇಲ್ಲ. ಅಲ್ಲೇ ಕುಸಿದು ಅತ್ತೆ. ಪಾಪ, ಆಕೆ ಅದೇ ದುಪಟ್ಟಾದಿಂದ ನನ್ನ ಕಣ್ಣೊರೆಸಿದಳು, ಮಾರನೆಯ ದಿನ ಡಾಕ್ಟರ ಬಳಿಗೂ ಕರೆದೊಯ್ದಳು.

ನಾನು ಕೆಲಸ ಮಾಡುವ ಸಲೂನಿನಲ್ಲಿ ಕೂದಲು ನೇರ ಮಾಡಲು ಔಷಧಿ ಹಚ್ಚಿ ಕಾದ ಇಸ್ತ್ರಿಯಿಂದ ಒತ್ತುತ್ತೇವಲ್ಲ, ಆಗೇಳುವ ಹೊಗೆಯಲ್ಲಿ ಫಾರ್ಮಾಲಿನ್ ಇರುತ್ತದಂತೆ. ಶಾಲೆಯಲ್ಲಿ ಸತ್ತ ಕಪ್ಪೆಯನ್ನು ಕೆಡದಂತೆ ಸೀಸೆಯಲ್ಲಿಡುತ್ತಾರೆ ನೋಡು, ಅದೇ. ಕಣ್ಣುರಿ, ಕೆಮ್ಮು, ಈಗ ಮೂಗಿಗೆ ವಾಸನೆ ಹತ್ತದ್ದು ಎಲ್ಲ ಅದರಿಂದಲೇ ಎಂದರು ಡಾಕ್ಟರು. ವರ್ಷಗಟ್ಟಲೆ ಆ ಹೊಗೆ ಕುಡಿದರೆ ಕ್ಯಾನ್ಸರೂ ಬರಬಹುದಂತೆ. ಕಿಟಕಿ ತೆರೆದರೆ ಎಸಿಯ ತಂಪು ಹೋಗುತ್ತದೆಂದು ಮೇಡಂ ಬಿಡುವುದಿಲ್ಲ. ಮಾಸ್ಕ್ ಹಾಕಿದರೆ “ಗಿರಾಕಿ ಹೆದರ್ಕೊಳ್ತಾರೆ, ತೆಗಿ” ಎನ್ನುತ್ತಾರೆ. ಗಿರಾಕಿಯ ಮುಖಕ್ಕೆ ಮಾತ್ರ ಒಂದು ಪುಟ್ಟ ಫ್ಯಾನು. ಅದು ಹೊಗೆಯನ್ನೆಲ್ಲ ನನ್ನ ಕಡೆಗೇ ತಳ್ಳುತ್ತದೆ.

ಚಿಕ್ಕವಳಿದ್ದಾಗ ನೀನು ನನ್ನ ಕಣ್ಣು ಮುಚ್ಚಿಸಿ ಗಡಿಗೆಗಳನ್ನು ಮೂಸಿಸುತ್ತಿದ್ದೆ. ಹದವಾದದ್ದನ್ನು ಸರಿಯಾಗಿ ಹೇಳಿದರೆ, “ಈ ಅಂಗಡಿ ನಿಂಗೇ ಕಣೇ” ಎನ್ನುತ್ತಿದ್ದೆ. ಇಮಾ, ಆ ಕಟ್ಟೆ, ಆ ನಾತ, ನೀನು, ಎಲ್ಲ ಬೇಕೆನಿಸುತ್ತದೆ.

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ
ಸನಾರೈ

ಮರೆತಿದ್ದೆ: ತಂಗಿ ಮೆಮ್ಚಾಳನ್ನು ಇದೇ ಸಲೂನಿಗೆ ಸೇರಿಸುತ್ತೇನೆ ಎಂದಿದ್ದೆನಲ್ಲ, ಕಳಿಸಬೇಡ. ಅತ್ತು ರಂಪ ಮಾಡಿದರೂ ಕಳಿಸಬೇಡ. ನಾನೂ ಕೆಲಸ ಬಿಟ್ಟೆ, ತಿಂಗಳ ಕೊನೆಗೆ ಬರುತ್ತೇನೆ. ಹೊಗೆಯಿಂದ ದೂರವಿದ್ದರೆ ವಾಸನೆ ಮರಳಲೂಬಹುದು ಎಂದರು ಡಾಕ್ಟರು, ಮಾತು ಮಾತ್ರ ಕೊಡಲಿಲ್ಲ. ಬಂದ ದಿನ ನಿನ್ನ ಹೆಗಲಿಗೆ ಮೂಗೊತ್ತಿ ತುಂಬ ಹೊತ್ತು ನಿಂತರೆ ಏನೂ ಕೇಳಬೇಡ.