ಪೆನಿ ಎಂದೇ ಬರೆಯಿರಿ, ಮುತ್ತಜ್ಜ

ಸವಾಯಿ ತೇಲುಕೇರಿ, ಸಮೋವಾ
ಫೆಬ್ರವರಿ ೩೦, ೨೨೦೮

ಪೂಜ್ಯ ಮುತ್ತಜ್ಜ ಮಾಲುವಾಯಿಯವರಿಗೆ, ಆರು ತಲೆಮಾರು ಈಚೆಯ ಮೊಮ್ಮಗಳು ಟೀಮೆಯ ನಮಸ್ಕಾರಗಳು.

ನೀವು ಬದುಕಿರುವಾಗಲೇ ಕೈ ಸೇರಲಿ ಎಂದು ಹಿಂದಿನ ಕಾಲಕ್ಕೆ ಬರೆಯುತ್ತಿರುವ ಕಾಗದ ಇದು, ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ಗುರುತು ಸಿಗದ ಪದಗಳು ಬಂದರೆ ಕ್ಷಮಿಸಿ. ತೇಲುಕೇರಿ ಎಂದರೆ ನಿಮ್ಮ ಊರನ್ನು ಮುಚ್ಚಿದ ನೀರಿನ ಮೇಲೆ ಲಂಗರು ಹಾಕಿ ನಿಲ್ಲಿಸಿದ ನಮ್ಮ ಓಣಿಗಳು. ಕೆಸುವಿನ ಗೆಡ್ಡೆಯನ್ನು ತೊಟ್ಟಿಗಳಲ್ಲಿ ಬೆಳೆಯುತ್ತೇವೆ, ಭಾನುವಾರ ಈಗಲೂ ಕಾದ ಕಲ್ಲುಗಳ ಮೇಲೆಯೇ ಬೇಯಿಸುತ್ತೇವೆ. ಮಗು ಹುಟ್ಟಿದರೆ ಹಿರಿಯರು ಚಾಪೆಯ ಮೇಲೆ ಕುಳಿತು ವಂಶದ ಹೆಸರುಗಳನ್ನೆಲ್ಲ ಹೇಳುತ್ತಾರೆ. ನಿಮ್ಮ ಹೆಸರು ಬಂದಾಗ, ಪೌರತ್ವ ಕಳೆದುಕೊಂಡೇ ತೀರಿಹೋದವರು ಎಂದು ಸೇರಿಸುತ್ತಾರೆ. ಹೋದ ವಾರ ನನ್ನ ಮಗಳಿಗೂ ಹಾಗೆಯೇ ಹೇಳಿದರು. ಕೇಳಿ ಅಳು ಬಂತು, ಆಮೇಲೆ ನಿಮ್ಮ ಮೇಲೆ ಸಿಟ್ಟೂ ಬಂತು.

ನಿಮ್ಮ ಮಗಳು ಲೋಸಾ ಬರೆದಿಟ್ಟ ಪುಸ್ತಕ ನನ್ನ ಬಳಿ ಇದೆ. ನೀವು ಹುಟ್ಟಿದಾಗ ಸಮೋವಾವನ್ನು ನ್ಯೂಜಿಲೆಂಡ್ ಆಳುತ್ತಿತ್ತು. ನಿಮ್ಮಂಥವರು ನ್ಯೂಜಿಲೆಂಡಿನ ಪ್ರಜೆಗಳೇ ಎಂದು ೧೯೮೨ರಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಕಾನೂನು ಮಾಡಿ ಆ ಹಕ್ಕನ್ನು ಕಿತ್ತುಕೊಂಡರು. ನಲವತ್ತೆರಡು ವರ್ಷಗಳ ಮೇಲೆ, ಅರ್ಜಿ ಹಾಕಿದವರಿಗೆ ಮರಳಿ ಕೊಡುವ ಕಾನೂನು ಬಂತು. ನೀವು ಅರ್ಜಿ ಹಾಕಿದಿರಿ, ಸರಿ. ಆದರೆ ಹೆಸರಿನ ಜಾಗದಲ್ಲಿ ಪಟ್ಟದ ಹೆಸರು ಬರೆದಿರಿ. ಕುಟುಂಬ ನಿಮಗೆ ಹಿರಿತನದ ಪಟ್ಟ ಕಟ್ಟಿದ ದಿನದಿಂದ ನೀವು ಎಲ್ಲರಿಗೂ ಮಾಲುವಾಯಿ, ನಿಜ. ಜನನ ದಾಖಲೆಯಲ್ಲಿರುವ ಮಗು ಮಾತ್ರ ಪೆನಿ. ಮಾಲುವಾಯಿ ಎಂಬ ಮಗು ಹುಟ್ಟಿದ್ದಕ್ಕೆ ದಾಖಲೆಯಿಲ್ಲವೆಂದು ಅರ್ಜಿ ವಾಪಸು ಬಂತು. ಲೋಸಾ ಹೊಸ ಅರ್ಜಿ ತಂದಿಟ್ಟರೆ ನೀವು, “ಊರೆಲ್ಲ ಕೂತು ಕೊಟ್ಟ ಹೆಸರು ಕಣೇ ಇದು. ಮೂಗು ಸುರಿಸ್ಕೊಂಡು ಓಡಾಡ್ತಿದ್ದ ಹುಡುಗನ ಹೆಸರಲ್ಲಿ ಹೋಗಿ ನಾನು ಕೈಯೊಡ್ಡಲ್ಲ” ಎಂದಿರಂತೆ. ಆ ಅರ್ಜಿ ಇವತ್ತಿಗೂ ಖಾಲಿ ಇದೆ, ನನ್ನ ಮುಂದೆಯೇ ಇದೆ.

ಎಂಥ ಹಟ ಮುತ್ತಜ್ಜ ನಿಮ್ಮದು. ಆ ಹಕ್ಕು ಹೋದಾಗ ನಿಮಗಿನ್ನೂ ಪಟ್ಟವಾಗಿರಲಿಲ್ಲ. ಕಳೆದುಕೊಂಡವನು ಪೆನಿ. ಅವನಿಗೆ ಬರಬೇಕಾದದ್ದಕ್ಕೆ ಮಾಲುವಾಯಿ ಅಡ್ಡ ಕೂರುವುದು ಯಾವ ನ್ಯಾಯ? ಕುಟುಂಬದವರ ಹಕ್ಕು ಕಾಯಲೆಂದೇ ಅಲ್ಲವೇ ನಿಮಗೆ ಪಟ್ಟ ಕಟ್ಟಿದ್ದು? ಪೆನಿಯೂ ನಿಮ್ಮ ಕುಟುಂಬದವನೇ.

ನೀವು ಹೋದ ಮೇಲೆ ನಿಮ್ಮ ಪರವಾಗಿ ನಾವ್ಯಾರೂ ಅರ್ಜಿ ಹಾಕುವಂತಿಲ್ಲ. ಲೋಸಾಳ ಪುಸ್ತಕದ ಮುಂದಿನ ಪುಟದಲ್ಲಿ ನಿಮ್ಮ ಅಂತ್ಯಕ್ರಿಯೆಯ ತಾರೀಕು ಇದೆ. ಅದನ್ನು ಇಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ. ಲೋಸಾ ತಂದಿಟ್ಟ ಅರ್ಜಿಯಲ್ಲಿ ಪೆನಿ ಎಂದು ಬರೆದು ಈ ವಾರವೇ ಸಹಿ ಹಾಕಿ, ಮುತ್ತಜ್ಜ.